ಕಲ್ಕತ್ತೆಯದೆಂದು ಹೇಳಿದ ಹಾರ್ಮೋನಿಯಂ

ಇದನ್ನು ಹೇಳುವುದನ್ನು ಬಹಳ ವರ್ಷ ಮುಂದೂಡಿದೆ. ಕರ್ನಾಟಕ ಏಕೀಕರಣದ ಸಂಭ್ರಮದಲ್ಲಿ ನಾನು ನುಡಿಸಬೇಕಿದ್ದ ಹಿಂದಿನ ದಿನ ನನ್ನ ಹಾರ್ಮೋನಿಯಂ ಕೆಟ್ಟಿತು. ಬೆಟಗೇರಿಯಲ್ಲಿ ಹಾರ್ಮೋನಿಯಂ ಮಾಡುವ ಹಿರಿಯರೊಬ್ಬರ ಕಾರ್ಖಾನೆಗೆ ಹೋದೆ. ಊರಲ್ಲೇ ಮಾಡಿದ ಹಾರ್ಮೋನಿಯಂ ಪೆಟ್ಟಿಗೆಯೆಂದರೆ ನಾವು ವಾದಕರು ಮೂಗು ಮುರಿಯುತ್ತಿದ್ದ ಕಾಲವದು. ಅವರು ಹಿತ್ತಾಳೆಯ ರೀಡುಗಳನ್ನು ಅರದಿಂದ ತಿಕ್ಕಿ ಸ್ವರ ಕೂಡಿಸುವುದನ್ನೆಲ್ಲ ತೋರಿಸಿ, ತಾವೇ ಮಾಡಿದ ಒಂದನ್ನು ಕೈಗಿತ್ತರು.

"ಒಯ್ರಿ ಮಾಸ್ತರ. ನಿಮ್ಮ ಕೈಯಾಗ ಇದರ ನಸೀಬ ಹೆಂಗೈತಿ ನೋಡೋಣು."

ಮರುದಿನ ಗದಗಿನ ವೇದಿಕೆಯಿಂದ ಇಳಿದಾಗ ವಾದಕ ಗೆಳೆಯರು ಸುತ್ತುವರಿದರು. "ಎಲ್ಲೀದಲೇ ಈ ಪೆಟಗಿ? ಊರಾಗಿಂದಂತೂ ಅಲ್ಲ."

ಅವರೆದುರು ಸಣ್ಣವನಾಗಲು ಅಂಜಿ, "ಕಲ್ಕತ್ತಾದ್ದು" ಎಂದೆ. ಕೇಳಲು ಬಂದಿದ್ದ ಆ ಹಿರಿಯರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. "ದನಿ ಚಲೋ ಬಂತಲ್ರಿ, ಸಾಕು" ಎಂದು ನಕ್ಕು ಹೊರಟುಹೋದರು.

ಪೆಟ್ಟಿಗೆಯನ್ನು ಅವರು ಮರಳಿ ಕೇಳಲೇ ಇಲ್ಲ. ಅದನ್ನು ನುಡಿಸಿಯೇ ನನ್ನ ಸಂಸಾರ ನಡೆಯಿತು. ನಾನು ಕ್ಷಮೆ ಕೇಳುವ ಮೊದಲೇ ಅವರು ತೀರಿಕೊಂಡರು. ಆ ಹಾರ್ಮೋನಿಯಂ ಮಾಡಿದವರು ಬೆಟಗೇರಿಯ ಈರಪ್ಪ ಬಡಿಗೇರ.