ಮೆಹಬೂಬ ಚಾಚಾ ಬರೆದ ಕಣ್ಣುಗಳು

ಇವತ್ತು ಬೆಳಿಗ್ಗೆ ಹೊಸ ವಾರ್ನಿಶ್ ಸ್ಪ್ರೇ ಡಬ್ಬಿ ತೆಗೆದು ಅಲ್ಲಾಡಿಸಿದೆ. ಒಳಗಿನ ಗುಂಡು ಟಕಟಕ ಸಪ್ಪಳ ಮಾಡಿತು. ಹಳೆಯ ಪೇಪರಿನ ಮೇಲೆ ಒಮ್ಮೆ ಒತ್ತಿ ನೋಡಿದೆ. ಹೊಸ ಬಾಗಿಲಿಗೆ ಪಾಲಿಶ್ ಹೊಡೆದ ದಿನ ಮೂಗಿಗೆ ಬಡಿಯುತ್ತದಲ್ಲ, ಹೆಚ್ಚುಕಡಿಮೆ ಅದೇ ವಾಸನೆ. ನಿಮಗೆ ಅದರಿಂದ ಏನೂ ಅನಿಸಲಿಕ್ಕಿಲ್ಲ. ನನಗೆ ಮಾತ್ರ ಮುಖ ಹುಳ್ಳಗಾಗುತ್ತದೆ. ಯಾಕೆ ಅನ್ನುವುದನ್ನು ಹೆಂಡತಿಗೆ ಅರ್ಧ ಹೇಳಿದ್ದೇನೆ. ನಿಮಗೆ ಪೂರ್ತಿ ಹೇಳಿಬಿಡುತ್ತೇನೆ.

ಮೊದಲು ನನ್ನ ಚಟದ ವಿಷಯ. ನಾನು ಕಲಬುರಗಿಯ ಸ್ಟೇಶನ್ ಬಜಾರದಲ್ಲಿ, ಒಂದು ಲಾಡ್ಜಿನ ಮೇಲಿನ ಮಹಡಿಯಲ್ಲಿ ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರಲ್ಲ, ಡಾಕ್ಟರು ಕೊಟ್ಟ ಅಳತೆಗೆ ಹಲ್ಲು ಕೂಡಿಸುವವನು. ಉಳಿದ ಹೊತ್ತಿನಲ್ಲಿ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಪ್ಲಾಸ್ಟಿಕ್ ಸಿಪಾಯಿಗಳನ್ನು ಜೋಡಿಸಿ ಬಣ್ಣ ಹಚ್ಚುತ್ತೇನೆ. ಅವರಿಗೆ ತಕ್ಕ ಟ್ಯಾಂಕು, ಜೀಪು, ಲಾರಿಗಳೂ ಇವೆ. ಕೈ ಬೇರೆ, ತಲೆ ಬೇರೆ, ಬಂದೂಕು ಬೇರೆ ಬರುತ್ತವೆ. ಅರದಿಂದ ಉಜ್ಜಿ, ಅಂಟಿಸಿ, ಮೊದಲು ಬೂದು ಬಣ್ಣ ಕೊಟ್ಟು, ಆಮೇಲೆ ಸಮವಸ್ತ್ರ, ಬೂಟು, ಮುಖ. ಎಲ್ಲ ಮುಗಿದ ಮೇಲೆ ಬಣ್ಣ ಏಳದಂತೆ ವಾರ್ನಿಶ್. ಬ್ಯಾಂಕಿನಲ್ಲಿರುವ ನನ್ನ ಶಾಲೆಯ ಗೆಳೆಯ ಪ್ರಹ್ಲಾದನ ಮನೆ ಐವಾನ್-ಎ-ಶಾಹಿ ಬಡಾವಣೆಯಲ್ಲಿದೆ. ಅವನ ಮಾಳಿಗೆಯ ಕೋಣೆಯಲ್ಲಿ ದೊಡ್ಡ ಮೇಜಿನ ಮೇಲೆ ಉಸುಕು ಹಾಸಿ, ಥರ್ಮೋಕೋಲಿನ ಗುಡ್ಡ, ರಟ್ಟಿನ ಮನೆಗಳನ್ನು ಇಟ್ಟು ಪ್ರತಿ ರವಿವಾರ ಯುದ್ಧ ಆಡುತ್ತೇವೆ. ಯುದ್ಧ ಇಂದಿನ ಕಾಲದ್ದು, ದೇಶಗಳು ಮಾತ್ರ ನಮ್ಮ ತಲೆಯೊಳಗಿನವು. ಟ್ಯಾಂಕು ಎಷ್ಟು ಮುಂದೆ ಹೋಯಿತೆಂದು ಟೇಪು ಹಿಡಿದು ಅಳೆಯುತ್ತೇವೆ, ಯಾರು ಬಿದ್ದರೆಂದು ದಾಳ ಉರುಳಿಸಿ ತೀರ್ಮಾನಿಸುತ್ತೇವೆ. ರವಿವಾರ ನಾನು ಎಲ್ಲಿ ಎಂದು ನೆಂಟರು ಕೇಳಿದರೆ ಹೆಂಡತಿ, "ಪ್ರಹ್ಲಾದನ ಮನ್ಯಾಗ ಲಡಾಯಿ ಅದರಿ, ಅಲ್ಲಿಗೆ ಹೋಗ್ಯಾರ," ಅನ್ನುತ್ತಾಳೆ. ಕೇಳಿದವರು ಮುಂದೆ ಕೇಳುವುದಿಲ್ಲ.

ಆ ಕೋಣೆಯಲ್ಲಿ ಬಣ್ಣದ ಮಾತು ಬಂದರೆ ನನ್ನದೇ ದೊಡ್ಡ ಹೆಸರು. ಇಡೀ ದಿನ ಹಲ್ಲಿನ ಸಂದಿ ಕೆತ್ತುವ ಕೈ ಅದು, ನಡುಗುವುದಿಲ್ಲ. ಪ್ರಹ್ಲಾದ ನನ್ನ ಸಿಪಾಯಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದು, "ಕೈ ಅಂದ್ರ ನಿಂದು ನೋಡಪಾ," ಎನ್ನುತ್ತಿದ್ದ. ಆ ಮಾತಿಗಾಗಿ ನಾನು ವಾರವಿಡೀ ಕಾಯುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಮ್ಮ ಡಾಕ್ಟರು ಪ್ರತಿ ಗುರುವಾರ ಕಮಲಾಪುರದಲ್ಲಿ ರೋಗಿಗಳನ್ನು ನೋಡುತ್ತಾರೆ. ನಾನೂ ಜೊತೆಗೆ ಹೋಗುತ್ತೇನೆ. ಮೂರು ವರ್ಷದ ಹಿಂದೆ ಅಲ್ಲಿ ಮೇಲಿನ, ಕೆಳಗಿನ ಎರಡೂ ಸೆಟ್ಟು ಬೇಕೆಂದು ಒಬ್ಬರು ಬಂದರು. ಮೆಹಬೂಬ ಸಾಬ. ಊರಿಗೆಲ್ಲ ಚಾಚಾ. ಕೋಟನೂರ ಕಡೆಯ ಲಾರಿ ಬಾಡಿ ಕಟ್ಟುವ ಅಂಗಳದಲ್ಲಿ ಹರೆಯವೆಲ್ಲ ಬಣ್ಣ ಹಚ್ಚಿ ಕಳೆದವರು. ಲಾರಿಯ ಹಿಂದೆ ನವಿಲು, ಕಮಲ, ಹೆದ್ದಾರಿಯಲ್ಲಿ ನೀವು ನೋಡಿರುತ್ತೀರಿ. ಹಲ್ಲು ಕೂಡಿಸಿದ ದಿನ ಅವರು ಕನ್ನಡಿ ನೋಡಿಕೊಳ್ಳುತ್ತ ಕೂತಿದ್ದರು, ನಾನು ಫೋನಿನಲ್ಲಿ ನನ್ನ ಸಿಪಾಯಿಗಳ ಫೋಟೋ ನೋಡಿಕೊಳ್ಳುತ್ತ ಕೂತಿದ್ದೆ. ಅವರು ಬಗ್ಗಿ ನೋಡಿದರು.

"ಭಾಳ ಛಲೋ ಅವರಿ. ಕಣ್ಣ ಯಾಕ ಬರದಿಲ್ಲ?"

"ಇಷ್ಟ ಸಣ್ಣ ಮಕಕ್ಕ ಕಣ್ಣ ಕಾಣಂಗಿಲ್ರಿ ಚಾಚಾ. ಜರಾ ನೆರಳ ಕೊಟ್ರ ಸಾಕು."

"ಕಣ್ಣಿಲ್ದ ಅವ ಗುಂಡ ಹ್ಯಾಂಗ ಹೊಡೀತಾನ್ರಿ?" ಎಂದರು. ಹೊಸ ಹಲ್ಲಿಗೆ ನಾಲಿಗೆ ಇನ್ನೂ ಒಗ್ಗಿರಲಿಲ್ಲ, ಮಾತು ತೊದಲುತ್ತಿತ್ತು.

ನನಗೆ ನಗು ಬಂತು. ಮುಂದಿನ ಗುರುವಾರ ಬಣ್ಣವಿಲ್ಲದ ಐದು ಸಿಪಾಯಿಗಳನ್ನೂ ಒಂದು ಸಣ್ಣ ಲಾರಿಯನ್ನೂ ತಂದುಕೊಟ್ಟೆ. ಮುದುಕರಿಗೆ ಹೊತ್ತು ಹೋಗಲಿ ಎಂಬ ದೊಡ್ಡತನ ನನ್ನದು.

ಎರಡು ವಾರ ಬಿಟ್ಟು ಅವರು ಅವನ್ನು ಹಲ್ಲಿನ ಸೆಟ್ಟು ಇಡಲು ನಾನೇ ಕೊಟ್ಟ ಡಬ್ಬಿಯಲ್ಲಿ ಅರಳೆ ಹಾಕಿ ತಂದರು. ತೆಗೆದು ನೋಡಿದೆ. ಐದು ಜನಕ್ಕೆ ಐದು ಬಗೆಯ ಕಣ್ಣು. ಒಬ್ಬನಿಗೆ ನಿದ್ದೆಗಣ್ಣು. ಇನ್ನೊಬ್ಬ ಪಕ್ಕದವನನ್ನು ಓರೆಯಾಗಿ ನೋಡುತ್ತಿದ್ದ. ಒಬ್ಬನಿಗೆ ಯಾರ ಮೇಲೋ ಸಿಟ್ಟು. ಲಾರಿಯನ್ನಂತೂ ಕೇಳಬೇಡಿ. ಚಾಲಕ ಮೊಣಕೈ ಊರುವ ಕಿಟಕಿಯ ಅಂಚಿನಲ್ಲಿ ಮಾತ್ರ ಬಣ್ಣ ಸವೆದಿತ್ತು, ಡೀಸೆಲ್ ಹಾಕುವ ಬಾಯಿಯ ಕೆಳಗೆ ಒಂದು ಕರಿ ಒಸರು ಇಳಿದಿತ್ತು. ನಾನು ಅಷ್ಟು ವರ್ಷ ಲಾರಿಯ ತುಂಬ ಒಂದೇ ಸಮನೆ ಧೂಳಿನ ಬಣ್ಣ ಬಳಿದು ಅದನ್ನೇ ಸಹಜ ಅಂದುಕೊಂಡಿದ್ದೆ.

"ಹ್ಯಾಂಗ ಆಗ್ಯಾವ್ರಿ ಉಸ್ತಾದ?" ಎಂದರು ಚಾಚಾ.

"ಪರವಾಗಿಲ್ಲ," ಎಂದೆ. ಹೊಟ್ಟೆಯೊಳಗೆ ಕೆಂಡ ಬಿದ್ದದ್ದು ಆ ಗಳಿಗೆಯಲ್ಲೇ.

ಪ್ರಹ್ಲಾದನಿಗೆ ತೋರಿಸದೆ ಇರಬಹುದಿತ್ತು. ತೋರಿಸಿದೆ, ತಪ್ಪು ಹುಡುಕಲಿ ಎಂಬ ಆಸೆಯಿಂದ. ಅವನು ಭೂತಗನ್ನಡಿ ಹಿಡಿದು ಕೂತವನು ಏಳಲೇ ಇಲ್ಲ. "ಇವರನ್ನ ರವಿವಾರ ಕರಕೊಂಡ ಬಾ," ಎಂದ. ಚಾಚಾ ಕಮಲಾಪುರದ ಬಸ್ಸು ಹತ್ತಿ ಬರತೊಡಗಿದರು, ಕೈಯಲ್ಲಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಿಡಿದು. ಆಟ ಅವರಿಗೆ ಹಿಡಿಸಲಿಲ್ಲ. ತಮ್ಮ ಸಿಪಾಯಿ ಸತ್ತರೆ ದಾಳವನ್ನೇ ಅನುಮಾನಿಸುತ್ತಿದ್ದರು. ಬಣ್ಣ ಹಚ್ಚುವುದು ಮಾತ್ರ ಬಿಡಲಿಲ್ಲ.

ಹೊಟ್ಟೆಕಿಚ್ಚಿನ ದಿನಚರಿ ಹೇಗಿರುತ್ತದೆ ಎಂದು ನಿಮಗೆ ಅನುಭವವಿದ್ದರೆ ನಾನು ಬಿಡಿಸಿ ಹೇಳಬೇಕಿಲ್ಲ. ಪ್ರಹ್ಲಾದ ಅವರ ಸಿಪಾಯಿಯನ್ನು ಎಷ್ಟು ಹೊತ್ತು ಹಿಡಿದಿರುತ್ತಾನೆ, ನನ್ನದನ್ನು ಎಷ್ಟು ಹೊತ್ತು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಅವರ ಹಸಿರು ನಿಜವಾದ ಸೈನ್ಯದ ಹಸಿರಲ್ಲ ಎಂದು ಒಂದು ರವಿವಾರ ದೊಡ್ಡ ಭಾಷಣ ಮಾಡಿದೆ. ಇಲ್ಲದ ದೇಶದ ಸೈನ್ಯಕ್ಕೆ ನಿಜವಾದ ಹಸಿರು ಯಾವುದು ಎಂದು ಪ್ರಹ್ಲಾದ ಕೇಳಿದ. ನನ್ನ ಹಲ್ಲಿನ ಲ್ಯಾಬಿನ ಬಾಗಿಲು ಹಾಕಿಕೊಂಡು ನಾನೂ ಕಣ್ಣು ಬರೆಯಲು ಕೂತೆ. ಬರೆದವರೆಲ್ಲ ದೆವ್ವ ಕಂಡವರ ಹಾಗೆ ಕಣ್ಣರಳಿಸಿ ನಿಂತರು. ಒರೆಸಿ ಮತ್ತೆ ಬರೆದರೆ ಮೆಳ್ಳಗಣ್ಣು. ಚಾಚಾನನ್ನು ಕೇಳಿದ್ದರೆ ಹೇಳಿಕೊಡುತ್ತಿದ್ದರು. ಕೇಳಲಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಊರಿನ ಒಂದು ಕಾಲೇಜಿನವರು ತಮ್ಮ ಪ್ರದರ್ಶನದಲ್ಲಿ ನಮ್ಮ ಮೇಜೂ ಇರಲಿ ಎಂದು ಪ್ರಹ್ಲಾದನನ್ನು ಕೇಳಿದರು. ಮುಂದಿನ ಸಾಲಿಗೆ ಮೂವತ್ತು ಸಿಪಾಯಿಗಳ ಒಂದು ತುಕಡಿ ಬೇಕು. "ಮುಂದ ಚಾಚಾನವು ಇರಲಿ, ನಿನ್ನವು ಹಿಂದ ಗುಡ್ಡದ ಮ್ಯಾಲ ಇಡೋಣ," ಎಂದ ಪ್ರಹ್ಲಾದ. ಹ್ಞೂಂ ಎಂದೆ. ಗುಡ್ಡದ ಮೇಲೆ ಇಟ್ಟರೆ ಬರೀ ಹೆಲ್ಮೆಟ್ಟು ಕಾಣುತ್ತವೆ.

ಚಾಚಾ ಎರಡು ತಿಂಗಳು ಕೂತು ಮೂವತ್ತೂ ಮುಗಿಸಿದರು. ಪ್ರದರ್ಶನಕ್ಕೆ ನಾಲ್ಕು ದಿನ ಇದ್ದಾಗ ಅವರ ಫೋನು ಬಂತು. ವಾರ್ನಿಶ್ ಡಬ್ಬಿ ನಾನೇ ಕೊಟ್ಟಿದ್ದೆ. ಅದುವರೆಗೆ ಅವರ ಸಿಪಾಯಿಗಳಿಗೆ ವಾರ್ನಿಶ್ ಹೊಡೆದುಕೊಡುತ್ತಿದ್ದವನು ನಾನು. ಈ ಸಲ ದಿನ ಕಡಿಮೆ ಇದ್ದುದರಿಂದ ಅವರೇ ಹೊಡೆಯಬೇಕಿತ್ತು.

"ಉಸ್ತಾದ, ಇಲ್ಲಿ ಮಳಿ ಜಿನುಗಾಕತ್ತದ. ನಮ್ಮ ಲಾರಿ ಲ್ಯಾಕರ್ ಇಂಥಾ ಹವಾದಾಗ ಹೊಡದ್ರ ಬೆಳ್ಳಗ ಬೂದಿ ಹಿಡೀತದ. ಇದಕ್ಕೂ ಹಂಗ ಆಗ್ತದೇನ್ರಿ? ಬಿಸಲ ಬರೂತನ ತಡೀಲೇನು?"

ಇದಕ್ಕೂ ಹಾಗೇ ಆಗುತ್ತದೆ. ತೇವದ ಗಾಳಿಯಲ್ಲಿ ಹೊಡೆದರೆ ಬಣ್ಣದ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಈ ಚಟಕ್ಕೆ ಬಿದ್ದ ಮೊದಲ ವರ್ಷವೇ ನಾನು ಒಂದು ಟ್ಯಾಂಕು ಹಾಳುಮಾಡಿಕೊಂಡು ಕಲಿತ ಪಾಠ ಅದು.

"ಇದು ಬ್ಯಾರೆ ಮಾಲ್ರಿ ಚಾಚಾ. ಏನಾಗಂಗಿಲ್ಲ, ಹೊಡೀರಿ," ಎಂದೆ.

ಫೋನಿಟ್ಟ ಮೇಲೆ ಮತ್ತೆ ಮಾಡಿ ಬೇಡ ಅನ್ನಲು ಸಮಯವಿತ್ತು. ಒಂದು ದವಡೆಯ ಮೇಣದ ಅಚ್ಚು ಕೆತ್ತುತ್ತ ಕೂತುಬಿಟ್ಟೆ. ಆ ದಿನ ಕೆತ್ತಿದ ಹಲ್ಲು ಬಹಳ ಚೆನ್ನಾಗಿ ಬಂತು. ಅದನ್ನು ನೆನೆದರೆ ನನಗೆ ಈಗಲೂ ನಾಚಿಕೆ.

ಮೂವತ್ತೂ ಬೆಳ್ಳಗಾದವು. ಪ್ರದರ್ಶನದ ದಿನ ಬೆಳಿಗ್ಗೆ ಚಾಚಾ ಡಬ್ಬಿ ತೆರೆದು ತೋರಿಸಿದರು. ಹಿಟ್ಟಿನ ಗಿರಣಿಯಿಂದ ಎದ್ದು ಬಂದವರ ಹಾಗಿದ್ದರು ಸಿಪಾಯಿಗಳು. ಯಾರಿಗೂ ಕಣ್ಣು ಕಾಣುತ್ತಿರಲಿಲ್ಲ. "ನಾನ ದೂರಿಂದ ಹೊಡದೆ ಕಾಣ್ತದ. ಕೈ ತಪ್ಪಿತು," ಎಂದರು. ನನ್ನ ಕಡೆ ಅನುಮಾನದ ಒಂದು ನೋಟವೂ ಇಲ್ಲ. ಪ್ರಹ್ಲಾದ ನನ್ನವನ್ನು ಗುಡ್ಡದಿಂದ ಇಳಿಸಿ ಮುಂದೆ ಇಟ್ಟ. ಇಡೀ ದಿನ ಜನ ಬಂದು ಬಗ್ಗಿ ನೋಡಿ ಹೊಗಳಿದರು. ಚಾಚಾ ಗೋಡೆಯ ಪಕ್ಕದ ಕುರ್ಚಿಯಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದತನಕ ಕೂತಿದ್ದು, ಹೇಳದೆ ಎದ್ದು ಹೋದರು. ಹೊಗಳಿಕೆಯ ಒಂದು ಮಾತೂ ನನ್ನ ಕಿವಿಯಿಂದ ಕೆಳಗೆ ಇಳಿಯಲಿಲ್ಲ.

ಆಮೇಲೆ ಅವರು ರವಿವಾರ ಬರುವುದು ನಿಲ್ಲಿಸಿದರು. ಒಂದು ತಿಂಗಳ ಮೇಲೆ ಕಮಲಾಪುರದ ದವಾಖಾನೆಗೆ ಹೇಳಿಕಳಿಸಿದರು, ಕೆಳಗಿನ ಸೆಟ್ಟು ಒಸಡಿಗೆ ಒತ್ತುತ್ತಿದೆ ಎಂದು. ನಾನೇ ಅರ ತೆಗೆದುಕೊಂಡು ಅವರ ಮನೆಗೆ ಹೋದೆ. ಅಂಗಳದಲ್ಲಿ ಕೂತು ಸೆಟ್ಟು ಉಜ್ಜುತ್ತ, ತಲೆ ಎತ್ತದೆ ಹೇಳಿದೆ: "ಚಾಚಾ, ಮಳ್ಯಾಗ ಹೊಡದ್ರ ಬೆಳ್ಳಗ ಆಗ್ತದಂತ ನನಗ ಗೊತ್ತಿತ್ತು. ಗೊತ್ತಿದ್ದೂ ಹೊಡೀರಿ ಅಂದೆ. ನಿಮ್ಮ ಕೈ ತಪ್ಪಿಲ್ಲ."

ಅವರು ಕೈ ಚಾಚಿದರು. ಹಲ್ಲು ಬೇಕಿತ್ತು. ತೊಳೆದು ಕೊಟ್ಟೆ. ಕೂಡಿಸಿಕೊಂಡು ಎರಡು ಸಲ ಕಚ್ಚಿ ನೋಡಿದರು.

"ನನಗ ಗೊತ್ತಿದ್ದ ಕೆಲಸ ಅದು," ಎಂದರು. "ನಲವತ್ತ ವರ್ಷ ಮಾಡೀನಿ. ಆದ್ರೂ ನನ್ನ ತಲಿ ಬಿಟ್ಟು ನಿಮ್ಮ ಮಾತ ಹಿಡದೆ. ಒಂದ ತಿಂಗಳಾತು, ಕುಂಚ ಹಿಡೀಲಿಕ್ಕೆ ಅಂಜಾಕತ್ತೀನಿ, ಕೈ ಹೋತು ಅಂತ." ಆಮೇಲೆ ಒಳಗಿನ ಬಾಗಿಲ ಕಡೆ ತಿರುಗಿ, "ಚಾ ಇಡಬ್ಯಾಡ್ರಿ," ಎಂದು ಕೂಗಿ ಹೇಳಿದರು.

ನಾನು ಎದ್ದು ನಿಂತೆ. "ಆ ಮೂವತ್ತೂ ನನಗ ಕೊಡ್ರಿ. ಎಣ್ಣಿ ಹಚ್ಚಿ ತಿಕ್ಕಿದ್ರ ಬಿಳಿ ಹೋಗ್ತದ. ಎಲ್ಲಾ ಹೋಗ್ತದಂತ ಹೇಳಂಗಿಲ್ಲ," ಎಂದೆ. ಅವರು ಡಬ್ಬಿ ತಂದು ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಕೈಗೆ ಕೊಡಲಿಲ್ಲ.

ಬಿಸಿಲು ಬಿದ್ದ ಒಂದು ವಾರ ಲ್ಯಾಬಿನ ಕಿಟಕಿಯಲ್ಲಿ ಕೂತು, ಕುಂಚದ ತುದಿಗೆ ಕೊಬ್ಬರಿ ಎಣ್ಣೆ ಅದ್ದಿ ಒಬ್ಬೊಬ್ಬನ ಮುಖ ತಿಕ್ಕಿದೆ. ಪೊರೆ ನಿಧಾನಕ್ಕೆ ಕರಗಿ ಒಂದು ಕಣ್ಣು ಮೂಡುತ್ತಿತ್ತು, ಆಮೇಲೆ ಇನ್ನೊಂದು. ಅಷ್ಟು ಹತ್ತಿರದಿಂದ ನೋಡಿದಾಗ ಅವರ ಕೈಚಳಕ ತಿಳಿಯಿತು. ಚಾಚಾ ಮೊದಲು ಕಣ್ಣು ಬರೆದು, ಆಮೇಲೆ ಸುತ್ತ ಚರ್ಮದ ಬಣ್ಣ ತಂದು ರೆಪ್ಪೆ ತೀಡುತ್ತಿದ್ದರು. ನಾನು ಮುಖ ಮುಗಿಸಿ ಮೇಲೆ ಕಣ್ಣು ಅಂಟಿಸುತ್ತಿದ್ದೆ. ಪ್ರಾಯಶ್ಚಿತ್ತಕ್ಕೆ ಕೂತವನು ಗುಟ್ಟು ಕದಿಯುತ್ತಿದ್ದೇನಲ್ಲ ಅನಿಸಿ ನನ್ನ ಮೇಲೆ ನನಗೇ ಹೇಸಿಗೆಯೂ ಬಂತು, ನಗುವೂ ಬಂತು. ಇಪ್ಪತ್ತಾರು ಜನ ಸರಿಹೋದರು. ನಾಲ್ವರ ಬಿಳಿ ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಕೊಂಡೊಯ್ದು ಕೊಟ್ಟೆ. ಚಾಚಾ ಒಬ್ಬೊಬ್ಬನನ್ನೂ ಬೆಳಕಿಗೆ ಹಿಡಿದು ನೋಡಿದರು. ನಾಲ್ವರನ್ನು ಬೇರೆ ಇಟ್ಟರು. "ಇವು ಹೋದವು," ಎಂದರು. ಹೌದೆಂದೆ. ಎರಡು ವಾರದ ಮೇಲೆ ಪ್ರಹ್ಲಾದನ ಮಾಳಿಗೆಯ ಮೆಟ್ಟಿಲ ಮೇಲೆ ಅವರ ಚಪ್ಪಲಿ ಕಂಡಿತು. ಪ್ರಹ್ಲಾದನಿಗೆ ಅವರು ಏನೂ ಹೇಳಿರಲಿಲ್ಲ. ನಾನೇ ಹೇಳಿದೆ. ಅವನು ಒಂದು ರವಿವಾರ ನನ್ನ ಜೊತೆ ಮಾತಾಡಲಿಲ್ಲ. ಅಂದಿನಿಂದ ಚಾಚಾ ನನ್ನನ್ನು ಉಸ್ತಾದ ಎಂದು ಕರೆದಿಲ್ಲ. ಕರೆಯಲಿ ಎಂದು ನಾನು ಬಯಸುವುದೂ ಇಲ್ಲ.

ಕಿಚ್ಚು ಆರಿತು ಎಂದು ನಿಮಗೆ ಸುಳ್ಳು ಹೇಳಲಾರೆ. ಮೊನ್ನೆ ರವಿವಾರ ಚಾಚಾ ಗಾಯಾಳುವನ್ನು ಎತ್ತಿಕೊಂಡು ಓಡುವ ಒಬ್ಬ ಸಿಪಾಯಿಯನ್ನು ಬರೆಯುತ್ತ ಕೂತಿದ್ದರು. ಹೊತ್ತವನ ಕಣ್ಣು ದಾರಿ ನೋಡುತ್ತಿತ್ತು, ಗಾಯಾಳುವಿನ ಕಣ್ಣು ಹೊತ್ತವನನ್ನು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಎದೆಯೊಳಗೆ ಹಳೆಯ ಉರಿ ಎದ್ದಿತು. ಈ ಸಲ ಬಾಯಿಬಿಟ್ಟು ಹೇಳಿದೆ.

"ಚಾಚಾ, ನನಗ ಹೊಟ್ಟಿಕಿಚ್ಚ ಆಗಾಕತ್ತದ್ರಿ."

ಅವರು ತಲೆ ಎತ್ತಲಿಲ್ಲ. ಕಾಲಿನಿಂದ ಪಕ್ಕದ ಸ್ಟೂಲನ್ನು ನನ್ನ ಕಡೆ ನೂಕಿದರು.

"ಹಂಗಾದ್ರ ಸನೇಕ ಬಂದ ಕೂಡ್ರಿ," ಎಂದರು. "ಅಲ್ಲೇ ನಿಂತ ನೋಡಿದ್ರ ಇನ್ನಾ ಜಾಸ್ತಿ ಆಗ್ತದ."

ಹೋಗಿ ಕೂತೆ. ಅವರು ಒಂದು ಸಿಪಾಯಿಯನ್ನೂ ತಮ್ಮ ಸಣ್ಣ ಕುಂಚವನ್ನೂ ನನ್ನ ಕೈಗೆ ಕೊಟ್ಟರು.