ಮಣೆಯ ಎರಡು ಏಟು

ಅವರ ಬಲಗೈಯ ಎರಡು ಬೆರಳುಗಳಿಗೆ ಉಗುರಿರಲಿಲ್ಲ. ಎಂದೋ ಕರೆಂಟಿಗೆ ಸುಟ್ಟ ತುದಿಗಳು, ಹುಣಸೆಬೀಜದ ಹಾಗೆ ಗಟ್ಟಿ, ನುಣುಪು. ಶಂಕರಪುರದ ನಮ್ಮ ಬೀದಿಯ ಮೂಲೆಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದರು. ಅರ್ಧ ಬೀದಿಗೆ ವೈರಿಂಗ್ ಮಾಡಿದವರೂ ಅವರೇ. ನಾವು ವೈರಿಂಗ್ ಮಾಮ ಎನ್ನುತ್ತಿದ್ದೆವು.

ಅಂಗಡಿಯ ಮೇಜಿನ ಮೇಲೆ ಯಾವಾಗಲೂ ಒಂದು ಸುತ್ತಿಗೆ. ಯಾರಾದರೂ ಕೆಟ್ಟ ಗೀಸರ್ ತಂದರೆ ಫುಟ್‌ಪಾತಿನ ಮೇಲಿಟ್ಟು, ಅವರ ಕಣ್ಣೆದುರೇ ಜಜ್ಜುತ್ತಿದ್ದರು. ಗುಜರಿಯವನು ಅದನ್ನು ತೇಪೆ ಹಾಕಿ ಇನ್ನೊಬ್ಬರಿಗೆ ಮಾರಬಾರದಲ್ಲ. "ಅರ್ಧ ಸತ್ತಿರೋದೇ ಜನಾನ ಕೊಲ್ಲೋದು. ಪೂರ್ತಿ ಸಾಯಿಸ್ಬಿಡ್ಬೇಕು." ಒಂದೇ ಚಳಿಗಾಲದಲ್ಲಿ ಒಂಬತ್ತು ಜಜ್ಜಿದ್ದು ನನ್ನ ಡೈರಿಯಲ್ಲಿದೆ.

ನಮ್ಮ ಹಳೆಯ ಗೀಸರ್ ಸೋರತೊಡಗಿದಾಗ, ಅದರ ಬದಲು ಎಲೆಕ್ಟ್ರಿಕ್ ಶವರ್ ಹಾಕಿಸೋಣವೆಂದು ನಾನು ಮೂರು ವಾರ ಕೂತು ಐದು ಮಾದರಿಗಳ ಪಟ್ಟಿ ಮಾಡಿದೆ. ಮಾಮ ಪೂರ್ತಿ ಓದಿದರು.

"ವ್ಯಾಟ್ ಬರ್ದಿದೀಯ, ಬಣ್ಣಾನೂ ಬರ್ದಿದೀಯ. ಅರ್ತಿಂಗ್ ಎಲ್ಲಮ್ಮಾ?"

"ಮನೇಲಿ ಇದ್ದೇ ಇದ್ಯಲ್ಲ ಮಾಮ. ನೀವೇ ಹಾಕಿರೋದು."

"ನಾನೇ. ಆದ್ರೂ ಬುಧವಾರ ಬಂದು ನೋಡ್ತೀನಿ. ಕಾಫಿ ಮಾಡ್ಸಿಡು, ನಿನ್ ಕೈದು ಬೇಡ, ಅಮ್ಮಂದು."

ಬುಧವಾರ ಮಾಮ ಕಾಫಿ ಕುಡಿಯುತ್ತಿದ್ದಾಗ, ಅವರಿಗೆ ಜಾಗವಾಗಲೆಂದು ಅಮ್ಮ ಬಟ್ಟೆಯ ಬಕೆಟ್ ಎತ್ತಿಡಲು ಬಚ್ಚಲಿಗೆ ಹೋದಳು. ಬಕೆಟ್ ಉರುಳಿದ ಸದ್ದು ಬಂತು, ಅವಳ ದನಿ ಬರಲಿಲ್ಲ. ಗೀಸರಿನ ನಲ್ಲಿಗೆ ಅವಳ ಬಲಗೈ ಕಚ್ಚಿಕೊಂಡಿತ್ತು, ಮೈಯೆಲ್ಲ ಅದುರುತ್ತಿತ್ತು. ನಾನು ಹಿಡಿಯಲು ನುಗ್ಗಿದೆ. ಮಾಮ ನನ್ನ ಜಡೆ ಹಿಡಿದು ಹಿಂದಕ್ಕೆ ಎಸೆದರು. ಬಾಗಿಲ ಚೌಕಟ್ಟಿಗೆ ಬಡಿದು ತುಟಿ ಒಡೆಯಿತು. ಮೇನ್ ಸ್ವಿಚ್ ಇದ್ದದ್ದು ಬೀದಿ ಬಾಗಿಲ ಬಳಿ. ಅಲ್ಲಿಗೆ ಓಡುವಷ್ಟು ಹೊತ್ತಿರಲಿಲ್ಲ. ಗೋಡೆಗೆ ಒರಗಿಸಿದ್ದ ಊಟದ ಮಣೆಯನ್ನು ಎರಡೂ ಕೈಯಲ್ಲಿ ಎತ್ತಿ ಅಮ್ಮನ ಮಣಿಕಟ್ಟಿಗೆ ಹೊಡೆದರು. ಬಿಡಲಿಲ್ಲ. ಇನ್ನೊಮ್ಮೆ ಹೊಡೆದರು. ಮೂಳೆ ಮುರಿದದ್ದು ನನಗೆ ಕೇಳಿಸಿತು. ಅಮ್ಮ ನೆಲಕ್ಕೆ ಬಿದ್ದಳು, ಬಿದ್ದ ಮೇಲೆ ಕಿರುಚಿದಳು. ಅಷ್ಟು ಒಳ್ಳೆಯ ಕಿರುಚುದನಿಯನ್ನು ನಾನು ಮತ್ತೆ ಕೇಳಿಲ್ಲ.

ಸಂಜೆ ಅವಳ ಕೈಗೆ ಪ್ಲಾಸ್ಟರ್ ಹಾಕಿಸಿ ಕರೆತಂದಾಗ ಮಾಮ ಬಚ್ಚಲಲ್ಲಿ ನಿಂತಿದ್ದರು. ಸೋರಿದ ಕರೆಂಟನ್ನು ಮಣ್ಣಿಗಿಳಿಸುವ ಅರ್ತಿಂಗಿನ ಹಸಿರು ವೈರನ್ನು, ಎಲ್ಲರೂ ಮಾಡುತ್ತಿದ್ದಂತೆ, ಅವರು ಹಿಂದೆ ಕಬ್ಬಿಣದ ನೀರಿನ ಪೈಪಿಗೆ ಸುತ್ತಿದ್ದರು. ಹೋದ ವರ್ಷ ಪ್ಲಂಬರ್ ಅದನ್ನು ತೆಗೆದು ಕರೆಂಟ್ ಹರಿಯದ ಪ್ಲಾಸ್ಟಿಕ್ ಪೈಪ್ ಹಾಕಿ, ವೈರನ್ನು ಅದಕ್ಕೇ ಮೂರು ಸುತ್ತು ಬಿಗಿದು ಹೋಗಿದ್ದ. "ಇದ್ದ ಹಾಗೇ ಕಟ್ಟಿದಾನೆ, ಶಿಸ್ತಿನ ಮನುಷ್ಯ" ಎಂದು ಅಪ್ಪ ಆಗ ಹೊಗಳಿದ್ದರು.

ಮಾಮ ಗೀಸರನ್ನು ಗೋಡೆಯಿಂದ ಕಿತ್ತು, ಕೂಗಾಡದೆ, ಚಪ್ಪಟೆಯಾಗುವವರೆಗೆ ಜಜ್ಜಿದರು. ಆಮೇಲೆ ತಮ್ಮ ಕೆನ್ನೆಗೇ ಎರಡು ಬಾರಿಸಿಕೊಂಡರು. "ಅವ್ನಿಗೇನ್ ಗೊತ್ತು? ಪೈಪ್ ನಂಬಿದೋನು ನಾನು."

ಮರುದಿನ ಹಾರೆ ತಂದು, ಅಂಗಳದ ಕಲ್ಲುಚಪ್ಪಡಿ ಒಡೆದು ಆಳುದ್ದ ಗುಂಡಿ ತೋಡಿ, ಅರ್ತಿಂಗ್ ಪೈಪ್ ಹೂತರು. ಅದಾದ ಮೇಲೆಯೇ ನನ್ನ ಪಟ್ಟಿಯ ಎರಡನೆಯ ಶವರ್ ಡಬ್ಬದಿಂದ ಹೊರಬಂದದ್ದು.

ಬಳಿಕ ತಾವು ವೈರಿಂಗ್ ಮಾಡಿದ ಮನೆಗಳ ಪಟ್ಟಿಯನ್ನು ನನ್ನಿಂದ ಬರೆಸಿದರು: ಇಪ್ಪತ್ತಾರು. ಒಂದೊಂದೇ ಮನೆಗೆ ಹೊರಟರು, ಡೈರಿ ಹಿಡಿದು ನಾನು. ಏಳು ಕಡೆ ವೈರು ಪ್ಲಾಸ್ಟಿಕ್ಕಿಗೆ ಸುತ್ತಿತ್ತು. ಒಬ್ಬ ಯಜಮಾನರು, "ವ್ಯಾಪಾರ ಇಲ್ಲ ಅಂತ ಹೆದರಿಸೋಕ್ ಬಂದಿದೀರಾ?" ಎಂದು ಕತ್ತು ಹಿಡಿದು ತಳ್ಳಿದರು. ಮಾಮ ಬಿದ್ದರು, ಎದ್ದರು, ಸೀದಾ ಒಳಗೆ ಹೋಗಿ ಗೀಸರಿನ ಸ್ವಿಚ್ಚನ್ನು ಆರಿಸಿ, ಸುತ್ತಿಗೆಯಿಂದ ಪುಡಿ ಮಾಡಿದರು. "ಈಗ ಪೊಲೀಸ್ ಕರೀರಿ. ಅವ್ರು ಬರೋವರ್ಗೂ ತಣ್ಣೀರ್ ಸ್ನಾನ ಮಾಡಿ."

ಕೊನೆಯ ಮನೆಗೆ ಮೂರು ಸಲ ಹೋದೆವು, ಮೂರೂ ಸಲ ಬೀಗ. ನಾಲ್ಕನೆಯ ಸಲಕ್ಕೆ ಮಾಮ ಇರಲಿಲ್ಲ. ಅಂಗಡಿ ತೆರೆಯುತ್ತಿದ್ದಾಗ ಷಟರಿನ ಕೆಳಗೇ ಕುಸಿದರು, ಹೃದಯ ನಿಂತಿತ್ತು.

ಹದಿಮೂರನೆಯ ದಿನ ಆ ಮನೆಯಲ್ಲಿ ದೀಪ ಕಂಡಿತು. ಅಮ್ಮ ನನಗಿಂತ ಮೊದಲು ಚಪ್ಪಲಿ ಮೆಟ್ಟಿದಳು. ಬಾಗಿಲು ಅರ್ಧ ತೆರೆದ ಮನೆಯವರು ನಮ್ಮ ಮಾತು ಮುಗಿಯುವ ಮೊದಲೇ, "ಏನೂ ಬೇಡಮ್ಮ, ಎಲ್ಲಾ ಸರಿಯಾಗಿದೆ" ಎಂದರು.

ಅಮ್ಮ ಸೆರಗು ಸರಿಸಿ, ಸೊಟ್ಟಗೆ ಕೂಡಿಕೊಂಡ ಮಣಿಕಟ್ಟನ್ನು ಬಾಗಿಲ ಸಂದಿಯಲ್ಲಿ ಚಾಚಿದಳು.

"ಇದನ್ನ ನೋಡಿ, ಆಮೇಲೆ ಬೇಡ ಅನ್ನಿ."

ಅವರು ಬಾಗಿಲು ಪೂರ್ತಿ ತೆರೆದರು.