ಓಬಳೇಶಣ್ಣ ಹೇಳಿದ ಕ್ಲಬ್ಬಿನ ಚರಿತ್ರೆ

ಓಬಳೇಶಣ್ಣನ ಸೈಕಲ್ ಅಂಗಡಿಯಲ್ಲಿ ಎರಡು ಪಂಪುಗಳಿದ್ದವು. ಆದರೂ ಫುಟ್‌ಬಾಲಿನ ಬ್ಲಾಡರನ್ನು ಮಾತ್ರ ಆತ ಬಾಯಿಂದಲೇ ಊದುತ್ತಿದ್ದ. ಕೆನ್ನೆ ಉಬ್ಬಿ, ಕಣ್ಣು ಕೆಂಪಾಗಿ, ಕತ್ತಿನ ನರಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಮೊದಲ ಸಲ ನೋಡಿದಾಗ ಈ ಮನುಷ್ಯ ಇಲ್ಲೇ ಬಿದ್ದುಹೋಗುತ್ತಾನೆ ಎಂದು ಹೆದರಿದ್ದೆ. ಪಂಪ್ ಇದೆಯಲ್ಲ ಎಂದರೆ ಬಾಯಿ ಒರೆಸಿಕೊಂಡು, "ಪಂಪಿನ ಗಾಳಿ ಬಾಡ್ಗೆ ಸೈಕಲ್ಲಿಗೆ ಮೇಷ್ಟ್ರೇ. ಚೆಂಡು ನಮ್ದಲ್ವ? ಅದ್ಕೆ ನಮ್ಮುಸ್ರೇ ಹೋಗ್ಬೇಕು" ಎಂದ.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಚಿತ್ರದುರ್ಗದಿಂದ ಶ್ರೀರಾಂಪುರದ ಹೈಸ್ಕೂಲಿಗೆ ಚರಿತ್ರೆಯ ಮೇಷ್ಟ್ರಾಗಿ ಹೋದೆ. ಸಂಜೆ ಕಳೆಯುವುದಕ್ಕೆ ಬೇರೆ ದಾರಿ ಕಾಣದೆ ಊರಿನ ಫುಟ್‌ಬಾಲ್ ಕ್ಲಬ್ ಸೇರಿದೆ. ಓಬಳೇಶಣ್ಣ ಅದರ ಗೋಲ್‌ಕೀಪರ್, ಕ್ಯಾಪ್ಟನ್, ಗುರು, ಎಲ್ಲವೂ. ನಲವತ್ತು ದಾಟಿತ್ತು. ಹುಟ್ಟಿದ್ದು ಪಕ್ಕದ ಹಟ್ಟಿಯಲ್ಲಿ, ಕುರಿ ಕಾಯುವ ಮನೆಯಲ್ಲಿ. ಹಾಗಾಗಿ ಗೋಲಿನೊಳಗೆ ನಿಂತು ಕುರಿ ತಿರುಗಿಸುವ ಕೂಗಿನಲ್ಲೇ ನಮ್ಮನ್ನೂ ತಿರುಗಿಸುತ್ತಿದ್ದ. ನಾಲಗೆ ಮಡಚಿ ಒಂದು ಸದ್ದು ಹೊರಡಿಸಿದರೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ. ಬಿ.ಎ. ಓದಿದವನು ನಾನು, ಮೂರೇ ವಾರದಲ್ಲಿ ಆ ಸದ್ದಿಗೆ ತಿರುಗುವುದನ್ನು ಕಲಿತೆ.

ಪ್ರತಿ ಮ್ಯಾಚಿಗೂ ಮುಂಚೆ ನಮ್ಮನ್ನೆಲ್ಲ ಹುಣಸೆಮರದ ಕೆಳಗೆ ಕೂರಿಸಿ ಕ್ಲಬ್ಬಿನ ಚರಿತ್ರೆ ಹೇಳುತ್ತಿದ್ದ. "ಕುಂತ್ಕಳ್ರಿ. ನಾವ್ಯಾರು ಅಂತ ಗೊತ್ತಿಲ್ದೆ ಆಡಕ್ಕೆ ಹೋಗ್ಬಾರ್ದು." ಐವತ್ತು ವರ್ಷದ ಹಿಂದೆ ರಸ್ತೆ ಅಳೆಯಲು ಬಂದ ಒಬ್ಬ ದೊರೆ ಇಲ್ಲಿ ಗುಡಾರ ಹಾಕಿದ್ದನಂತೆ. "ಇಂಗ್ಲಿಷಿನೋನಲ್ಲ, ಸ್ಕಾಟ್ಲೆಂಡಿನೋನು. ಅವ್ರಿಗೂ ಇವ್ರಿಗೂ ಆಗ್ಬರಲ್ಲ." ದೊರೆಯ ಊರೂ ಇಷ್ಟೇ ಸಣ್ಣದು. ಅಲ್ಲೂ ಒಂದು ಬಡ ಕ್ಲಬ್ಬು. ದೊಡ್ಡ ಕಪ್ಪು ಯಾವತ್ತೂ ಗೆದ್ದದ್ದಿಲ್ಲ. ಕಟುಕ, ಅಂಚೆಯವನು, ಕುರಿ ಕಾಯುವವನು ಸೇರಿ ಶನಿವಾರ ಆಡುತ್ತಿದ್ದರು. ಒಂದು ಚಳಿಗಾಲ ಬರೀ ಒಂಬತ್ತು ಜನ ನಿಂತು ಆಡಿ ಗೆದ್ದರು. ಆ ಊರಿನ ನೆನಪಿಗೆ ದೊರೆ ಇಲ್ಲೊಂದು ಕ್ಲಬ್ ಕಟ್ಟಿದ. ಮಧ್ಯೆ ನಿಂತುಹೋಗಿದ್ದನ್ನು ತಾನು ಮತ್ತೆ ಎಬ್ಬಿಸಿದೆ ಎನ್ನುತ್ತಿದ್ದ. ಒಂಬತ್ತು ಜನರ ಕಥೆ ಬಂದಾಗ ಓಬಳೇಶಣ್ಣ ಒಂಬತ್ತು ಬೆರಳೆತ್ತಿ ತೋರಿಸುತ್ತಿದ್ದ. ಹೊಳಲ್ಕೆರೆಯವರ ಎದುರು ಹತ್ತೇ ಜನ ಆಡಬೇಕಾಗಿ ಬಂದ ದಿನ ಆ ಕಥೆಯ ಬಲದಿಂದಲೇ ನಾವು ಗೆದ್ದೆವು. ಇದು ಮಾತ್ರ ನಾನು ಕಣ್ಣಾರೆ ಕಂಡದ್ದು.

ನಮ್ಮ ಮೈದಾನಕ್ಕೆ ಒಂದು ಕಟ್ಟಳೆಯಿತ್ತು. ಬೇಸಿಗೆಯಲ್ಲಿ ಒಂದೂವರೆ ತಿಂಗಳು ಆಟ ಬಂದ್. ಹಟ್ಟಿಯವರು ಅಲ್ಲಿ ಕುರಿಮಂದೆ ನಿಲ್ಲಿಸುತ್ತಿದ್ದರು. ಕುರಿಗಳ ಗೊಬ್ಬರಕ್ಕೆ ಮೊದಲ ಮಳೆಗೇ ಹುಲ್ಲು ಎದ್ದುಬರುತ್ತಿತ್ತು. ಆಮೇಲೆ ಮ್ಯಾಚಿನ ಹಿಂದಿನ ದಿನ ಮತ್ತೆ ಮಂದೆ ಬಿಟ್ಟರೆ ಅವೇ ಹುಲ್ಲನ್ನು ಮೇಯ್ದು ಸಮ ಮಾಡುತ್ತಿದ್ದವು. ಹಿಕ್ಕೆ ಆಯುವುದು ಹೊಸ ಆಟಗಾರರ ಕೆಲಸ. ಮಂದೆಯ ಯಜಮಾನ ಓಬಳೇಶಣ್ಣನ ಅಕ್ಕನ ಗಂಡ ಚಿಕ್ಕಣ್ಣ.

ನನಗೆ ಆ ಹಿಕ್ಕೆ ಹಿಡಿಸುತ್ತಿರಲಿಲ್ಲ. ಮೈದಾನ ಕ್ಲಬ್ಬಿನ ಹೆಸರಿಗಾದರೆ ಸುತ್ತ ಬೇಲಿ ಹಾಕಬಹುದು, ಹೊಸದುರ್ಗ, ಹಿರಿಯೂರಿನವರನ್ನು ಕರೆಸಿ ಟೂರ್ನಮೆಂಟ್ ನಡೆಸಬಹುದು ಎಂದು ಹುಡುಗರ ತಲೆಗೆ ಹುಳ ಬಿಟ್ಟವನು ನಾನೇ. ನನಗೆ ಮದುವೆಯಾದ ವರ್ಷವೇ ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದೆವು, ಪುರಾವೆ ಕೇಳಿದರು. ಓದುಬರಹ ಬಾರದ ಓಬಳೇಶಣ್ಣ ಹೇಳುತ್ತ ಹೋದ, ನಾನು ಚರಿತ್ರೆ ಬರೆಯುತ್ತ ಹೋದೆ. ದೊರೆಯ ವಿಷಯಕ್ಕೆ ಯಾಕೋ ಆತ ಸ್ವಲ್ಪ ತಡವರಿಸಿದ. "ಇದೆಲ್ಲ ಸರ್ಕಾರಕ್ಕ್ಯಾಕ್ರಿ?" ಎಂದ. ವಿನಯ ಅಂದುಕೊಂಡೆ. ಎಲ್ಲ ಮುಗಿದು ಆತ ಮನೆಗೆ ಹೋದ ಮೇಲೆ ಅರ್ಜಿಗೆ ತೂಕ ಬರಲೆಂದು ಒಂದು ಸಾಲು ನಾನೇ ಸೇರಿಸಿದೆ: "ಐವತ್ತು ವರ್ಷಗಳಿಂದ ಈ ಜಾಗದಲ್ಲಿ ಚೆಂಡಾಟವಲ್ಲದೆ ಬೇರೇನೂ ನಡೆದಿರುವುದಿಲ್ಲ." ಬರೆದು ಬೀಗಿದ್ದೆ.

ವಿಚಾರಣೆಗೆ ಅಧಿಕಾರಿ ಮೈದಾನಕ್ಕೇ ಬಂದರು. ಊರೆಲ್ಲ ಸೇರಿತ್ತು. ಒಂದು ಕಡೆ ಹಟ್ಟಿಯವರು ಕಂಬಳಿ ಹೊದ್ದು ಸುಮ್ಮನೆ ನಿಂತಿದ್ದರು. ಅಧಿಕಾರಿ ಚರಿತ್ರೆಯನ್ನು ಗಟ್ಟಿಯಾಗಿ ಓದಿದರು. ಕೊನೆಯ ಸಾಲು ಕೇಳಿ ಚಿಕ್ಕಣ್ಣ, "ಹಂಗಾದ್ರೆ ನಮ್ಮ ಮಂದೆ ಇಲ್ಲಿ ನಿಂತೇ ಇಲ್ವ ಸ್ವಾಮಿ?" ಎಂದು ಕೇಳಿದ. ಅಧಿಕಾರಿ, "ಇದು ನಿಜವಾದರೆ ನಿಮಗೆ ಇಲ್ಲಿ ಹಕ್ಕಿಲ್ಲ. ಬೇಲಿ ಬೀಳುತ್ತೆ" ಎಂದರು.

ಓಬಳೇಶಣ್ಣ ಎದ್ದು ನಿಂತ.

"ಅದು ಸುಳ್ಳು ಸ್ವಾಮಿ. ಎಲ್ಲಾ ಸುಳ್ಳು. ದೊರೆನೂ ಇಲ್ಲ, ಐವತ್ತು ವರ್ಷನೂ ಇಲ್ಲ. ಕ್ಲಬ್ಬು ಮಾಡಿದ್ದು ನಾನು, ಆರು ವರ್ಷ ಆಯ್ತು. ಇದು ನಮ್ಮಪ್ಪನ ಕಾಲ್ದಿಂದ ಮಂದೆ ಜಾಗ. ನಾನು ಕೇಳ್ದೆ ಅಂತ ಭಾವ ಆಡಕ್ಕೆ ಬಿಟ್ಟವ್ನೆ, ಅಷ್ಟೇಯ."

ಹುಡುಗರು ಬಾಯಿ ತೆರೆದವರು ಮುಚ್ಚಲಿಲ್ಲ. ಹಾಗಾದರೆ ಸ್ಕಾಟ್ಲೆಂಡಿನ ಕಥೆ ಎಲ್ಲಿಂದ ಬಂತು ಎಂದು ಅಧಿಕಾರಿ ಕೇಳಿದರು. ಬಿಡಿಭಾಗ ಸುತ್ತಲು ತಂದ ರದ್ದಿಯಲ್ಲಿ ಒಂದು ಇಂಗ್ಲಿಷ್ ಪೇಪರಿನ ಹಾಳೆ ಸಿಕ್ಕಿತ್ತಂತೆ. ಅದರಲ್ಲಿ ಫುಟ್‌ಬಾಲ್ ತಂಡದ ಫೋಟೋ, ಹಿಂದಿನ ಗುಡ್ಡದ ಮೇಲೆ ಕುರಿ. ಪೋಸ್ಟ್ ಮಾಸ್ತರ ಹತ್ತಿರ ಓದಿಸಿದನಂತೆ. "ಅವರದ್ದೂ ನಮ್ಮಂಗೇ ಸಣ್ಣೂರು, ನಮ್ಮಂಗೇ ಕುರಿ. ನಮ್ಗೂ ಒಂದು ಚರಿತ್ರೆ ಇರ್ಲಿ ಅನ್ನಿಸ್ತು. ದುರ್ಗದೋರು ನೆನ್ನೆ ಹುಟ್ಟಿದ ಟೀಮು ಅಂತ ಮ್ಯಾಚೇ ಕೊಡ್ತಿರ್ಲಿಲ್ಲ."

ಮೂರು ವರ್ಷ ನಾನು ನಂಬಿದ್ದೆ. ಕ್ಲಾಸಿನಲ್ಲಿ ಪಾಠ ಕೂಡ ಮಾಡಿದ್ದೆ! ಆದರೆ ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಅಧಿಕಾರಿ ಕಾಗದ ಎತ್ತಿ ತೋರಿಸಿ, "ಈ ಕೊನೇ ಸಾಲು ಯಾರದ್ದು? ಸರ್ಕಾರಕ್ಕೆ ಸುಳ್ಳು ಬರೆದುಕೊಟ್ಟವನು ನೌಕರಿಯಲ್ಲಿದ್ದರೆ ನೌಕರಿ ಹೋಗುತ್ತೆ" ಎಂದರು. ಓಬಳೇಶಣ್ಣ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಅಕ್ಷರ ಮೇಷ್ಟ್ರದು, ಮಾತೆಲ್ಲ ನಂದು. ಅವ್ರಿಗೇನ್ ಗೊತ್ತೈತೆ ಸ್ವಾಮಿ, ಮೊನ್ನೆ ಬಂದೋರು."

ನಾನು ಬಾಯಿ ಬಿಡಲಿಲ್ಲ.

ಜಾಗ ಮಂದೆಗೇ ಉಳಿಯಿತು. ವಾರದ ಮೇಲೆ ಕ್ಲಬ್ಬಿನ ಮೀಟಿಂಗ್ ನಡೆದು, ಸುಳ್ಳು ಹೇಳಿ ಮಾನ ಕಳೆದವನನ್ನು ಹೊರಹಾಕಬೇಕೆಂದು ಹುಡುಗರು ಹಟ ಹಿಡಿದರು. ಕೈ ಎತ್ತಿ ಎಂದಾಗ ಎಲ್ಲರೂ ಎತ್ತಿದರು. ನಾನೂ ಎತ್ತಿದೆ. ಎತ್ತದಿದ್ದರೆ ಯಾಕೆ ಎಂದು ಕೇಳುತ್ತಾರಲ್ಲ ಎಂಬ ಭಯ. ಊರಲ್ಲಿ ಆತನಿಗೆ 'ಸುಳ್ಳೋಬಳೇಶ' ಎಂಬ ಹೆಸರು ಬಿತ್ತು. ಪಂಕ್ಚರ್ ಹಾಕಿಸುವವರೂ ಬೇರೆ ಅಂಗಡಿ ಹುಡುಕಿಕೊಂಡರು.

ಕೊನೆಯ ಸಲ ಸಿಕ್ಕಿದ್ದು ಹೊಸದುರ್ಗದ ರಸ್ತೆಯಲ್ಲಿ. ಅಂಗಡಿ ಮುಚ್ಚಿ ಭಾವನ ಮಂದೆಯ ಜೊತೆ ಹೊರಟಿದ್ದ, ಹೆಗಲ ಮೇಲೆ ಕಂಬಳಿ. "ಓಬಳೇಶಣ್ಣ, ಎಲ್ಲರ ಮುಂದೆ ನಿಜ ಹೇಳಿಬಿಡ್ತೀನಿ" ಎಂದೆ. ಆತ ಸಿಟ್ಟಾದ.

"ಸುಮ್ಕಿರ್ರಿ! ಮನ್ಯಾಗೆ ಬಸ್ರಿ ಹೆಂಗ್ಸು ಅವ್ರೆ. ನೌಕ್ರಿ ಹೋದ್ರೆ ಏನ್ ಮಾಡ್ತೀರಿ? ನಂಗೆ ಕುರಿ ಅವೆ." ಆಮೇಲೆ ಮೆತ್ತಗೆ, "ಹುಡುಗ್ರು ಆಡದು ಬಿಡದಂಗೆ ನೋಡ್ಕಳ್ರಿ" ಎಂದು ಮಂದೆಯ ಹಿಂದೆ ನಡೆದ.

ನನಗೆ ಹಾಯೆನಿಸಿತು. ಅಷ್ಟು ದೊಡ್ಡ ಮನುಷ್ಯ ಹಾಗೆ ಹೋಗುತ್ತಿರುವಾಗ ನನಗೆ ಹಾಯೆನಿಸಿತಲ್ಲ ಎಂಬುದನ್ನು ಇವತ್ತಿಗೂ ಮರೆಯಲಾಗಿಲ್ಲ.

ಎರಡು ವರ್ಷದ ಮೇಲೆ ಹಿರಿಯೂರಿನ ಕಡೆ ಜ್ವರ ಬಂದು ತೀರಿಕೊಂಡನೆಂದು ಚಿಕ್ಕಣ್ಣ ಹೇಳಿದ. ಸುಳ್ಳ ಅನ್ನಿಸಿಕೊಂಡೇ ಹೋದ. ಆ ಕೊನೆಯ ಸಾಲು ನನ್ನದು. ಓಬಳೇಶಣ್ಣನಿಗೆ ಅದನ್ನು ನಾನು ಓದಿ ಹೇಳಿಯೂ ಇರಲಿಲ್ಲ.